ಮೇಲಿನ ದರ್ಜೆ

ಜನವರಿ 6, ಸೋಮವಾರ. ಬೆಳಿಗ್ಗೆ 7.40

ನನ್ನ ಪತ್ರ ಪೇಪರಿನಲ್ಲಿ ಬಂದಿದೆ. ಮೂರನೇ ಪುಟ, ಕೆಳಮೂಲೆ. ಎರಡು ವಾಕ್ಯ ಕತ್ತರಿಸಿದ್ದಾರೆ. ಖಾರವಿದ್ದದ್ದೇ ಆ ಎರಡು. ಇರಲಿ, ಸಂಗತಿ ಉಳಿದಿದೆ. ಯಲ್ಲಾಪುರ ರಸ್ತೆಯ ಇಂಜಿನಿಯರಿಂಗ್ ಕಾಲೇಜಿಗೆ ಮುಂದಿನ ತಿಂಗಳು ಮಾನ್ಯತೆ ಕೊಡುವ ಅಕ್ರೆಡಿಟೇಶನ್ ಸಮಿತಿ ಬರುತ್ತದಂತೆ. ಅದಕ್ಕೆ ತೋರಿಸಲು ವಿದ್ಯಾರ್ಥಿಗಳ ತೃಪ್ತಿಯ ಸರ್ವೇ. ಸರ್ವೇ ಫಾರ್ಮು ಪೂರ್ತಿ ಇಂಗ್ಲಿಷು!

ಪಕ್ಕದ ಮನೆಯ ಸ್ಫೂರ್ತಿ ಅಲ್ಲೇ ಸಿವಿಲ್ ಮೂರನೇ ವರ್ಷ. ಕಳೆದ ವರ್ಷದ ಫಾರ್ಮು ತಂದು ತೋರಿಸಿದ್ದಳು. ಒಂದೊಂದು ಪ್ರಶ್ನೆಯೂ ನಾಲ್ಕು ಸಾಲು. ಅರ್ಥ ಆಯಿತೇನೇ ಎಂದು ಕೇಳಿದೆ.

"ಅರ್ಥ ಎಂತಕ್ಕೆ ಅಜ್ಜಾ? ಎಲ್ಲರೂ ನಡುವಿನ ಮೂರಕ್ಕೆ ಟಿಕ್ ಹಾಕಿ ಕ್ಯಾಂಟೀನಿಗೆ ಹೋಗ್ತೇವೆ."

ಮಕ್ಕಳನ್ನು ಕೇಳುವುದಾದರೆ ಅವರ ಭಾಷೆಯಲ್ಲಿ ಕೇಳಿ ಎಂದು ಬರೆದೆ. ಅಷ್ಟು ಬರೆಯಲು ಊರಿನಲ್ಲಿ ಬೇರೆ ಯಾರೂ ಇರಲಿಲ್ಲವೆ?

ಹೆಂಡತಿ ಗುರುಶಾಂತ ಒಳಗಿನಿಂದ — "ಬೈಯೂದು ಮುಗದಿದ್ರ ಚಾ ಆರತೈತಿ, ಬರ್ರಿ."

ಸಂಜೆ 5.00

ಪ್ರಿನ್ಸಿಪಾಲ್ ದಿನಕರ ಹೆಗಡೆ ಫೋನ್ ಮಾಡಿದ್ದರು. ಜಗಳಕ್ಕೆ ತಯಾರಾಗಿ ಎತ್ತಿದರೆ ಅವರದು ಬೆಣ್ಣೆಯಂಥ ಮಾತು. "ನೀವು ಹೇಳಿದ್ದು ಸರಿ ಶಂಭುಲಿಂಗ ಅವ್ರೇ. ಕೋರ್ಟಿನಲ್ಲಿ ಭಾಷಾಂತರ ಮಾಡಿದವರು. ನೀವೇ ಮಾಡಿಕೊಡಿ. ಈ ಸಲ ಎಲ್ಲರಿಗೂ ಕನ್ನಡದ್ದೇ ಫಾರ್ಮು."

ಒಪ್ಪಿಕೊಂಡೆ.

ಜನವರಿ 9, ಗುರುವಾರ

ಮೂರು ದಿನ ಕೂತೆ. ಮೂವತ್ತೆರಡು ಪ್ರಶ್ನೆ. ಬೋಧನೆ, ಗ್ರಂಥಾಲಯ, ಬಸ್ಸು, ಕುಡಿಯುವ ನೀರು, ಶೌಚಾಲಯ, ಕೊನೆಗೆ ಒಬ್ಬೊಬ್ಬ ಶಿಕ್ಷಕರ ಹೆಸರು. ಇಂಗ್ಲಿಷಿನಲ್ಲಿ ಪುಟಪುಟಕ್ಕೂ ಒಂದು ಪಟ್ಟಿ — ಐದು ಅಂದರೆ ಎಕ್ಸಲೆಂಟ್, ನಾಲ್ಕು ಅಂದರೆ ವೆರಿ ಗುಡ್, ಹೀಗೆ ಇಳಿದು ಒಂದು ಅಂದರೆ ಪೂರ್. ಆ ಗದ್ದಲವನ್ನೆಲ್ಲ ತೆಗೆದುಹಾಕಿದೆ. 'ರೇಟಿಂಗ್' ಎಂಬುದಕ್ಕೆ 'ದರ್ಜೆ' ಎಂದು ಹಾಕಿದೆ. ತಲೆಯ ಮೇಲೆ ಒಂದೇ ವಾಕ್ಯ: "ಉತ್ತಮವಾದುದಕ್ಕೆ ಮೇಲಿನ ದರ್ಜೆಯನ್ನೂ ಕಳಪೆಯಾದುದಕ್ಕೆ ಕೆಳಗಿನ ದರ್ಜೆಯನ್ನೂ ನೀಡಿ." ಅದರ ಕೆಳಗೆ ಒಂದರಿಂದ ಐದರವರೆಗೆ ಚೌಕ. ಎಷ್ಟು ಚೊಕ್ಕ!

1989ರ ಕೇಸು ನೆನಪಾಯಿತು. ಇಡಗುಂದಿಯ ಚನ್ನಯ್ಯ. ಕಟ್ಟಿಗೆ ಹೊತ್ತು ಬರುವಾಗ ಫಾರೆಸ್ಟ್ ಗಾರ್ಡಿಗೆ ಅಡ್ಡ ಬಂದ ಎಂದು ಸಾಕ್ಷಿ ಹೇಳಿದ್ದ. ಅಂದರೆ ದಾರಿಯಲ್ಲಿ ಎದುರಾದ ಎಂದು. ಯಾರೋ ಮಾಡಿದ ಇಂಗ್ಲಿಷಿನಲ್ಲಿ ಅದು 'ತಡೆದ' ಎಂದಾಗಿತ್ತು. ಎದ್ದು ನಿಂತು ಹೇಳಿದೆ — ಸ್ವಾಮಿ, ಮಾತು ತಪ್ಪಾಗಿದೆ. ಚನ್ನಯ್ಯ ಬಿಡುಗಡೆಯಾದ. ಒಂದು ಮಾತು, ಒಬ್ಬನ ಜೀವನ. ಈಗಿನವರಿಗೆ ಈ ಭಯವೇ ಇಲ್ಲ.

ಫೆಬ್ರವರಿ 5, ಬುಧವಾರ. ಮಧ್ಯಾಹ್ನ 3.15

ಚಪ್ಪಲಿ ಬಿಚ್ಚುವ ಮೊದಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಇವತ್ತು ಕಾಲೇಜಿನಲ್ಲಿ ನನಗೆ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ. ವೇದಿಕೆಯ ಹಿಂದೆ ಆಳೆತ್ತರದ ಫ್ಲೆಕ್ಸು: 'ವಿದ್ಯಾರ್ಥಿ ತೃಪ್ತಿ ಸಮೀಕ್ಷೆ — ಐದಕ್ಕೆ'. ಕಾಲೇಜು ಬಸ್ಸು 4.8. ಕುಡಿಯುವ ನೀರು 4.7. ಶೌಚಾಲಯ 4.6.

ಶೌಚಾಲಯ! ಕಾರ್ಯಕ್ರಮಕ್ಕೆ ಮುಂಚೆ ಕೈ ತೊಳೆಯಲು ಹೋಗಿದ್ದೆ. ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ. ಮೂಲೆಯಲ್ಲಿ ಒಂದು ಡ್ರಮ್ಮು, ತಳದಲ್ಲಿ ನಾಲ್ಕು ಬೆರಳು ನೀರು, ಹಿಡಿಕೆ ಮುರಿದ ಮಗ್ಗು. ಸ್ಫೂರ್ತಿ ದಿನವೂ ಮನೆಯಿಂದ ಎರಡು ಬಾಟಲಿ ನೀರು ಒಯ್ಯುವುದನ್ನು ಮೂರು ವರ್ಷದಿಂದ ನೋಡುತ್ತಿದ್ದೇನೆ. ಬಸ್ಸು ವಾರಕ್ಕೊಮ್ಮೆ ದಾರಿಯಲ್ಲಿ ನಿಲ್ಲುತ್ತದೆ. ಮಕ್ಕಳು ಇಳಿದು ತಳ್ಳುತ್ತಾರೆ. ಅದಕ್ಕೆ 4.8!

ನನ್ನ ಕನ್ನಡವನ್ನು ಮುಂದಿಟ್ಟುಕೊಂಡು ಸುಳ್ಳು ಲೆಕ್ಕ ಬರೆದಿದ್ದಾರೆ. ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಬಂದೆ. ಹಣ್ಣಿನ ಬುಟ್ಟಿಯನ್ನೂ.

ಸಂಜೆ 6.30

ಸ್ಫೂರ್ತಿ ಬಂದಿದ್ದಳು. ಕಣ್ಣು ಕೆಂಪು. ತನುಜಾ ಮೇಡಂಗೆ ಮಾರ್ಚ್ ನಂತರ ಬರುವುದು ಬೇಡ ಎಂದು ಪತ್ರ ಕೊಟ್ಟಿದ್ದಾರಂತೆ. ಸರ್ವೇಯಲ್ಲಿ ಅವರಿಗೆ 1.2, ಇಡೀ ಕಾಲೇಜಿಗೇ ಕಡಿಮೆ. ಕಾಂಟ್ರಾಕ್ಟಿನವರು, ಒಂದು ಪತ್ರ ಸಾಕು.

ತನುಜಾ — ಸಿವಿಲ್‌ನವರಿಗೆ ಭೂಮಾಪನ ಕಲಿಸುವವರು. ಕೋಲಸಿರ್ಸಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ಬಯಲಿನಲ್ಲಿ ಮಕ್ಕಳಿಗೆ ಅಳತೆ ಕಲಿಸುವುದನ್ನು ನೋಡಿ ನಿಂತಿದ್ದೆ. ಉರಿಬಿಸಿಲು. ಕೈಯಲ್ಲಿ ಕೊಡೆ ಇತ್ತು. ಅದನ್ನು ಅಳತೆಯ ಯಂತ್ರಕ್ಕೆ ಹಿಡಿದಿದ್ದರು, ತಮಗಲ್ಲ.

ಅಂಥವರಿಗೆ 1.2. ನೀರಿಲ್ಲದ ನಲ್ಲಿಗೆ 4.7. ತಮಗೆ ಬೇಡದವರನ್ನು ತೆಗೆಯಲು ಸರ್ವೇ ನೆಪ. ನಾಳೆ ಹೋಗುತ್ತೇನೆ, ಮೂಲ ಫಾರ್ಮು ಕೇಳುತ್ತೇನೆ. ಪೇಪರಿಗೆ ಪತ್ರ ಈಗಲೇ ಬರೆದಿಟ್ಟಿದ್ದೇನೆ. 'ಫೋರ್ಜರಿ' ಎಂಬ ಪದ ಮೂರು ಸಲ ಬಂದಿದೆ. ಒಂದನ್ನೂ ಕತ್ತರಿಸಬಾರದು ಎಂದು ಕೆಳಗೆ ಸೂಚನೆ.

ಫೆಬ್ರವರಿ 6, ಗುರುವಾರ

ಫಾರ್ಮು ತೋರಿಸಿ ಎಂದು ಮೇಜು ಕುಟ್ಟಿದೆ. ದಿನಕರ ಹೆಗಡೆ ನಾಲ್ಕು ಕಟ್ಟು ತರಿಸಿ ಮುಂದಿಟ್ಟರು. 382 ಫಾರ್ಮು. ಎರಡೂವರೆ ಗಂಟೆ ನೋಡಿದೆ. ಕಳ್ಳ ಸಹಿ, ಒಂದೇ ಪೆನ್ನು, ಒಂದೇ ಕೈ — ಎಲ್ಲ ಹುಡುಕಿದೆ. ಕೋರ್ಟಿನಲ್ಲಿ ಕಲಿತ ಕಣ್ಣು.

ಏನೂ ಇಲ್ಲ. ನೀಲಿ ಶಾಯಿ, ಕಪ್ಪು ಶಾಯಿ, ಹಸಿರು. ಒಂದರ ಮೇಲೆ ಬನ್ಸಿನ ಎಣ್ಣೆ ಕಲೆ. ಇನ್ನೊಂದರ ಅಂಚಿಗೆ ಯಾರೋ ಬೆಕ್ಕಿನ ಚಿತ್ರ ಬರೆದಿದ್ದಾರೆ. ಮಕ್ಕಳದೇ ಟಿಕ್ಕು. ನೀರಿಗೆ ಐದು, ಐದು, ಐದು. ತನುಜಾ ಹೆಸರಿನ ಮುಂದೆ ಒಂದು, ಒಂದು, ಒಂದು.

ಎದ್ದು ಬಂದೆ. ಪತ್ರ ಹರಿದೆ.

ಬಸ್ಸಿನಲ್ಲಿ ಬರುತ್ತ ಸಿಟ್ಟೆಲ್ಲ ಆ ಮಕ್ಕಳ ಮೇಲೆ ತಿರುಗಿತು. ಎಂಥ ಪೀಳಿಗೆ ಇದು! ಹೆದರಿಕೆಗೆ ನೀರಿದೆ ಎಂದು ಬರೆಯುವುದು. ಬಿಸಿಲಿನಲ್ಲಿ ನಿಂತು ಕಲಿಸಿದವಳಿಗೆ ಒಂದು ಕೊಡುವುದು. ಆಮೇಲೆ ನನ್ನ ಮನೆಗೆ ಬಂದು ಅಳುವುದು.

ಫೆಬ್ರವರಿ 7, ಶುಕ್ರವಾರ. ಬೆಳಿಗ್ಗೆ 8.10

ಕಂಪೌಂಡಿನ ಆಚೆ ಸ್ಫೂರ್ತಿ ಬಟ್ಟೆ ಒಣಗಿಸುತ್ತಿದ್ದಳು. ಕೇಳಿಯೇಬಿಟ್ಟೆ, ಸ್ವಲ್ಪ ಜೋರಾಗಿಯೇ. "ನೀನು ತನುಜಾ ಮೇಡಂಗೆ ಎಷ್ಟು ಕೊಟ್ಟೆ?"

"ಒಂದು."

"ನಾಚಿಕೆ ಆಗೋದಿಲ್ಲವಾ?"

ಅವಳು ಒದ್ದೆ ಚೂಡಿದಾರ ಹಿಡಿದುಕೊಂಡೇ ನಿಂತಳು. "ಎಂತ ಅಜ್ಜಾ ಹೀಗಂತೀರಿ? ಒಂದನೇ ದರ್ಜೆ. ಅದಕ್ಕಿಂತ ಮೇಲೆ ಎಂತ ಇದೆ? ಮೇಲಿನ ದರ್ಜೆ ಕೊಡಿ ಅಂತ ನೀವೇ ಬರೆದಿದ್ದಲ್ವಾ?"

"ಮತ್ತೆ ನೀರಿಗೆ?"

"ಐದನೇ ದರ್ಜೆ. ಆರು ಇದ್ದಿದ್ರೆ ಆರು ಕೊಡ್ತಿದ್ದೆ."

ಒಳಗೆ ಬಂದು ಕೂತಿದ್ದೇನೆ.

ಅದೇ ದಿನ, 11.00

ಮೂವತ್ತೊಂದು ವರ್ಷ ಕೋರ್ಟಿಗೆ ಹೋದೆ. ಬಾಗಿಲ ಮೇಲೆ ಹಳದಿ ಬೋರ್ಡು: ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ. ನನ್ನ ಹುದ್ದೆಯ ಬಡ್ತಿ — ದ್ವಿತೀಯ ದರ್ಜೆಯಿಂದ ಪ್ರಥಮ ದರ್ಜೆಗೆ. ಕನ್ನಡದಲ್ಲಿ ದರ್ಜೆ ಎಂದರೆ ಒಂದೇ ಮೇಲೆ. ಆ ಇಂಗ್ಲಿಷ್ ಫಾರ್ಮಿನಲ್ಲಿ ಐದು ಮೇಲೆ. ಅದನ್ನು ಹೇಳುತ್ತಿದ್ದ ಪಟ್ಟಿಯನ್ನು ಗದ್ದಲ ಎಂದು ತೆಗೆದವನು ನಾನು. ಮಕ್ಕಳು ಕನ್ನಡ ಸರಿಯಾಗಿ ಓದಿದರು. ಕಂಪ್ಯೂಟರಿಗೆ ಹಾಕಿದವರು ಇಂಗ್ಲಿಷಿನ ಲೆಕ್ಕದಲ್ಲಿ ಹಾಕಿದರು.

ಯಾರೂ ಸುಳ್ಳು ಬರೆದಿಲ್ಲ. ನಾನೊಬ್ಬ…

ಫೆಬ್ರವರಿ 13, ಗುರುವಾರ

ಐದು ದಿನ ಏನೂ ಬರೆಯಲಿಲ್ಲ. ಪೇಪರ್ ಕೂಡ ಬಿಡಿಸಲಿಲ್ಲ. ಇವತ್ತು ಕಾಲೇಜಿಗೆ ಹೋದೆ.

ದಿನಕರ ಹೆಗಡೆ ಕೇಳಿಸಿಕೊಂಡರು. ಎದ್ದು ಬಾಗಿಲು ಮುಂದೆ ಮಾಡಿದರು. "ಗೊತ್ತಿತ್ತು ಸರ್."

"ಏನು?"

"ನಮ್ಮ ಶೌಚಾಲಯಕ್ಕೆ 4.6 ಬಂದ್ರೆ ಯಾವ ಹುಚ್ಚನಿಗೂ ಗೊತ್ತಾಗ್ತದೆ. ಅಂಕಿ ಬಂದ ಎರಡನೇ ದಿನವೇ ಗೊತ್ತಾಯ್ತು."

ಗೊತ್ತಿದ್ದೂ ಫ್ಲೆಕ್ಸು! ಗೊತ್ತಿದ್ದೂ ನನಗೆ ಶಾಲು! ಹಾಗಾದರೆ ತನುಜಾರಿಗೆ ಪತ್ರ ಏಕೆ ಕೊಟ್ಟಿರಿ ಎಂದು ಕೂಗಿದೆ.

"ಕಡಿಮೆ ಬಂದವರ ಮೇಲೆ ಎಂತ ಕ್ರಮ ತಗೊಂಡ್ರಿ ಅಂತ ಸಮಿತಿ ಕೇಳ್ತದೆ. ಕ್ರಮ ತೋರಿಸ್ಬೇಕು. ನೀರಿಗೆ ನೇರ ಓದಿ ಅವರಿಗೆ ಮಾತ್ರ ತಿರುಗಿಸಿ ಓದೋಕಾಗ್ತದಾ?" ಮೇಜಿನ ಮೇಲಿನ ಕಡತ ಪಕ್ಕಕ್ಕೆ ಸರಿಸಿ, "ಸರ್, ಮಾನ್ಯತೆ ಸಿಗದಿದ್ರೆ ಮುಂದಿನ ವರ್ಷ ಅಡ್ಮಿಶನ್ ಇಲ್ಲ. ಇಲ್ಲಿ ಮನೆಯಿಂದ ಓಡಾಡಿ ಓದೋ ಹುಡುಗಿಯರೇ ಅರ್ಧಕ್ಕರ್ಧ. ಹುಬ್ಬಳ್ಳಿಗೆ ಕಳಿಸೋ ಮನೆ ಎಷ್ಟಿದೆ, ನೀವೇ ಹೇಳಿ."

ಇದಕ್ಕೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದೇ ಇನ್ನೂ ಉರಿಯುತ್ತಿದೆ.

ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದರು. 'ಭಾಷಾಂತರವು ಮೂಲಕ್ಕೆ ನಿಷ್ಠವಾಗಿದೆ ಎಂದು ಪ್ರಮಾಣೀಕರಿಸುತ್ತೇನೆ.' ಕೆಳಗೆ ನನ್ನ ಹೆಸರು ಟೈಪಾಗಿದೆ. ಸಮಿತಿಯ ಕಡತಕ್ಕೆ ಬೇಕಂತೆ. "ಇದಕ್ಕೊಂದು ಸಹಿ ಹಾಕಿ. ಸಮಿತಿ ಬಂದು ಹೋಗ್ಲಿ. ಜೂನ್‌ನಲ್ಲಿ ತನುಜಾ ವಾಪಸ್. ನನ್ನ ಮಾತು."

ಈ ಒಂದು ವಾಕ್ಯಕ್ಕೆ ಜೀವಮಾನದಲ್ಲಿ ಎಷ್ಟು ಸಾವಿರ ಸಲ ಸಹಿ ಹಾಕಿದ್ದೇನೋ. ಹಾಳೆ ತಂದಿದ್ದೇನೆ. ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಿ ಬಂದಿಲ್ಲ.

ಫೆಬ್ರವರಿ 15, ಶನಿವಾರ

ಸಿರ್ಸಿ ಬಸ್ ಸ್ಟ್ಯಾಂಡಿನಲ್ಲಿ ಸಿದ್ದಾಪುರದ ಬಸ್ಸಿಗೆ ಕಾಯುತ್ತಿದ್ದ ತನುಜಾ ಸಿಕ್ಕರು. ಹುಡುಕಿಕೊಂಡೇ ಹೋಗಿದ್ದೆ. ಕಲ್ಲುಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ದರ್ಜೆ, ಪಟ್ಟಿ, ಹಾಳೆ, ಜೂನ್.

ಮೊದಲು ನಕ್ಕುಬಿಟ್ಟರು. "ನೆಲದ ಏರುತಗ್ಗು ಅಳೆಯೋ ಲೆವೆಲಿಂಗ್‌ನಲ್ಲಿ ಅಳತೆಕೋಲಿನ ಅಂಕಿ ಹೆಚ್ಚಿದಷ್ಟೂ ನೆಲ ತಗ್ಗು ಸರ್. ಎರಡು ತಿಂಗಳು ಅದನ್ನೇ ಕಲಿಸಿದ್ದೆ. ನನ್ನ ಮಕ್ಕಳು ಸರಿಯಾಗೇ ಕಲ್ತಿದ್ದಾರೆ."

ಆಮೇಲೆ ನಗು ನಿಂತಿತು. ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಬಿಡುತ್ತ ಹೇಳಿದರು — "ಹತ್ತು ದಿನದಿಂದ ಮಕ್ಕಳ ಮುಖ ನೋಡಿ ಪಾಠ ಮಾಡ್ಲಿಲ್ಲ ಸರ್. ಬೋರ್ಡು ನೋಡ್ಕೊಂಡೇ ಮಾಡ್ದೆ. ಇವರೆಲ್ಲ ಎದುರಿಗೆ ನಗ್ತಾ ಒಳಗೆ ಇಷ್ಟು ದ್ವೇಷ ಇಟ್ಕೊಂಡಿದ್ರಾ ಅಂತ. ಶನಿವಾರದ ಪ್ರಾಕ್ಟೀಸೂ ನಿಲ್ಲಿಸ್ಬಿಟ್ಟೆ."

ತಪ್ಪು ನನ್ನದು ಎಂದೆ. ಎಷ್ಟು ಸಣ್ಣ ಮಾತು ಅದು.

"ಜೂನ್‌ನಲ್ಲಿ ಕರೀತೇನೆ ಅಂದ್ರಾ?" ಎಂದು ಕೇಳಿದರು. ಕೆಲಸ ಬೇಕು ಅವರಿಗೆ. ಮುಚ್ಚಿಡಲಿಲ್ಲ. ಬಸ್ಸು ಬಂತು. ಮೆಟ್ಟಿಲ ಮೇಲೆ ತಿರುಗಿ, "ನಂಗೆ ಕೆಲಸ ಕೊಡೋದು ಬಿಡೋದು ಅವರದ್ದು ಸರ್. ಆದ್ರೆ ಮಕ್ಕಳು ಮೂರು ವರ್ಷದಲ್ಲಿ ಒಂದೇ ಸಲ ನಿಜ ಬರೆದದ್ದು. ಅದು ಯಾರ ಕಿವಿಗೂ ಬೀಳದೇ ಹೋಗ್ಬಾರ್ದು" ಎಂದರು. ಕಂಡಕ್ಟರ್ ಬಾಗಿಲು ಎಳೆದ.

ಫೆಬ್ರವರಿ 20, ಗುರುವಾರ. ಸಂಜೆ 4.30

ನಾಳೆ ಸಮಿತಿ. ಅವರು ಊರ ಗಣ್ಯರೊಂದಿಗೆ ನಡೆಸುವ ಸಭೆಗೆ ನನಗೂ ಆಹ್ವಾನ. ಸಹಿ ಮಾಡಿದ ಹಾಳೆ ತರಬೇಕಂತೆ, ಮೆಸೇಜು ಬಂದಿದೆ.

ಬೆಳಿಗ್ಗೆಯಿಂದ ದಿನಕರ ಹೆಗಡೆಯನ್ನು ಬೈಯುತ್ತ ಅಂಗಳದಲ್ಲಿ ತಿರುಗುತ್ತಿದ್ದೆ. ಗೊತ್ತಿದ್ದೂ ಮುಚ್ಚಿಟ್ಟ. ನಲ್ಲಿ ರಿಪೇರಿ ಮಾಡಿಸುವುದಕ್ಕಿಂತ ಫ್ಲೆಕ್ಸು ಸುಲಭ ಅವನಿಗೆ. ಹುಡುಗಿಯರ ಓದಿನ ಹೆಸರು ಹೇಳಿ ಹುಡುಗಿಯರಿಗೇ ನೀರಿಲ್ಲ. ಹೌದು — ಇದೇ ಅವತ್ತು ಹೊಳೆಯದ ಉತ್ತರ! ಅವರಿಗಾಗಿ ಕಾಲೇಜು ಉಳಿಯಬೇಕಾದರೆ ಅವರು ಹೇಳಿದ್ದು ಮೊದಲು ಉಳಿಯಬೇಕು.

ಗುರುಶಾಂತ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು — "ನಲವತ್ತು ವರ್ಷ ಊರಾಗಿನ ಎಲ್ಲಾರ ತಪ್ಪೂ ಪೇಪರಿಗೆ ಬರದ್ರಿ. ಈಗ ನಿಮ್ಮದೊಂದು ಬರೀರ್ರಲ್ಲ."

ಪೆನ್ನಿಗೆ ರೀಫಿಲ್ ತಂದೆ.

ಫೆಬ್ರವರಿ 21, ಶುಕ್ರವಾರ. ಬೆಳಿಗ್ಗೆ 10.20

ಕಾಲೇಜಿನ ವರಾಂಡ. ಕರೆಯುವವರೆಗೆ ಇಲ್ಲೇ ಕೂರಬೇಕು. ಪ್ರತಿ ಕುರ್ಚಿಯ ಪಕ್ಕ ಸೀಲ್ ಮಾಡಿದ ನೀರಿನ ಬಾಟಲಿ. ಶೌಚಾಲಯದ ಮುಂದೆ ಹೊಸ ಕಾಲೊರಸು, ಒಳಗೆ ನಾಲ್ಕು ಡ್ರಮ್ಮು ತುಂಬ ನೀರು. ನಲ್ಲಿ ತಿರುಗಿಸಿ ನೋಡಿದೆ. ಅದೇ ಗಾಳಿ.

ದಿನಕರ ಹೆಗಡೆ ಹತ್ತಿರ ಬಂದು ಕೈ ಚಾಚಿದರು. ಹಾಳೆ ಕೊಟ್ಟೆ. ಸಹಿ ಇಲ್ಲ. ಮೇಲಿಂದ ಕೆಳಗೆ ಒಂದು ಗೆರೆ ಎಳೆದು 'ನಿಷ್ಠವಾಗಿಲ್ಲ' ಎಂದು ಬರೆದಿದ್ದೆ. ನೋಡಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. "ನಿಮ್ಮ ಸ್ಫೂರ್ತಿಯೂ ಇದೇ ಕಾಲೇಜು ಸರ್" ಎಂದಷ್ಟೇ ಹೇಳಿ ಒಳಗೆ ಹೋದರು.

ಸ್ಫೂರ್ತಿ ಅಲ್ಲಿ ಕಂಬದ ಹತ್ತಿರ ನಿಂತಿದ್ದಾಳೆ. ಕೈಯಲ್ಲಿ ಮನೆಯ ಬಾಟಲಿ. ನಿನ್ನೆ ಅವಳಿಗೆ ಹೇಳಿದ್ದೆ, ಕಾಲೇಜಿಗೆ ತೊಂದರೆ ಆಗಬಹುದು ಎಂದು. "ತೊಂದರೆ ಈಗ ಇಲ್ವಾ ಅಜ್ಜಾ?" ಅಂದಳು.

ಒಳಗೆ ಓದುವುದನ್ನು ಇಲ್ಲಿ ಒಮ್ಮೆ ಬರೆದುಕೊಳ್ಳುತ್ತೇನೆ, ನಾಲಿಗೆ ತಡವರಿಸಬಾರದು.

ಮಾನ್ಯರೇ, ಮಾತು ತಪ್ಪಾಗಿದೆ. ತಪ್ಪು ನನ್ನದು, ಮಕ್ಕಳದಲ್ಲ. ಅವರು ಹೇಳಿದ್ದನ್ನು ಅವರು ಹೇಳಿದ ಹಾಗೇ ಓದುತ್ತೇನೆ. ಕಾಲೇಜು ಬಸ್ಸು — ಐದನೇ ದರ್ಜೆ. ಕುಡಿಯುವ ನೀರು — ಐದನೇ ದರ್ಜೆ. ಶೌಚಾಲಯ — ಐದನೇ ದರ್ಜೆ. ಭೂಮಾಪನದ ತನುಜಾ ಮೇಡಂ —

ಕರೆದರು