ಡಾರ್ಕಸ್ ಅಜ್ಜಿಯ ತೂತಿನ ಸೆಂಟು

ಹಾರ್ವುಡ್ ಕ್ರೀಕ್, ವರ್ಜೀನಿಯಾ
ನವೆಂಬರ್ ೧೭, ೧೯೫೭

ಪ್ರೀತಿಯ ಲವೀನಿಯಾ,

ಈ ಕಾಗದವನ್ನು ಓದದೆ ಒಲೆಗೆ ಹಾಕುವಷ್ಟು ಸಿಟ್ಟು ನಿನಗಿದ್ದರೂ ಅದು ನ್ಯಾಯವೇ. ಅಮ್ಮನನ್ನು ಮಣ್ಣು ಮಾಡಿ ಬಂದವಳು ನನ್ನ ಕಡೆ ತಿರುಗಿಯೂ ನೋಡದೆ ಫಿಲಡೆಲ್ಫಿಯಾ ಬಸ್ಸಿಗೆ ಹೊರಟೆ. ತುಂಬು ಬಸುರಿ, ಪೆಟ್ಟಿಗೆಯನ್ನು ನೀನೇ ಹೊತ್ತುಕೊಂಡಿದ್ದೆ. ಓಡಿ ಬಂದು ಅದನ್ನು ಕಸಿದುಕೊಳ್ಳುವ ಧೈರ್ಯ ನನಗಾಗಲಿಲ್ಲ. ಟರ್ಜಾ ಚಿಕ್ಕಮ್ಮ ನಿನ್ನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು. "ಆ ಸೆಂಟು ಕಾಸನ್ನ ಮಾರಿಬಿಟ್ಟಿದಾಳೆ ಕಣೆ ನಿಮ್ಮಕ್ಕ. ಅಮ್ಮನ ಮುಂದೆ ತಾನೇ ಒಪ್ಕೊಂಡ್ಳಂತೆ."

ನಾನು ಮಾರಿಲ್ಲ, ಲವೀನಿಯಾ. ಅದು ಈಗಲೂ ಈ ಮನೆಯಲ್ಲೇ ಇದೆ. ಇದ್ದೂ ಇಲ್ಲ.

ಅದರ ಕಥೆ ನಿನಗೆ ಗೊತ್ತು. ಆದರೆ ಹುಟ್ಟುವ ಮಗುವಿಗೆ ಹೇಳಲು ಅಮ್ಮ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ೧೭೯೩ನೇ ಇಸವಿಯ ತಾಮ್ರದ ಸೆಂಟು. ಒಂದು ಕಡೆ ಕೂದಲು ಕೆದರಿದ ಹೆಂಗಸು, ಅವಳ ತಲೆಯ ಮೇಲೆ 'ಸ್ವಾತಂತ್ರ್ಯ' ಎಂಬ ಅಕ್ಷರಗಳು. ಇನ್ನೊಂದು ಕಡೆ ಸುತ್ತಲೂ ಸರಪಳಿ. ಹಡಗಿನವನೊಬ್ಬ ಬಟ್ಟೆ ಒಗೆದದ್ದಕ್ಕೆ ಡಾರ್ಕಸ್ ಅಜ್ಜಿಗೆ ಕೊಟ್ಟಿದ್ದಂತೆ. ಹಾರ್ವುಡ್ ಧಣಿಗಳ ಗುಲಾಮಳ ಕೈಯಲ್ಲಿ ಕಾಸು ಕಂಡರೆ ಕದ್ದದ್ದೇ ಎನ್ನುವ ಕಾಲ. ಅದಕ್ಕೇ ಅವಳು ಕುಲುಮೆಯವನ ಹತ್ತಿರ ಮೊಳೆ ಹೊಡೆಸಿ ತೂತು ಮಾಡಿಸಿದಳು. ತೂತು ಬಿದ್ದ ಮೇಲೆ ಅದು ಯಾವ ಅಂಗಡಿಯಲ್ಲೂ ಓಡಲಿಲ್ಲ, ಯಾರಿಗೂ ಬೇಡವಾಯಿತು, ಅವಳದಾಯಿತು. ಹೆಂಗಸಿನ ತಲೆಯ ಮೇಲೆ, ಅಕ್ಷರಗಳ ನಡುವೆ ಮೊಳೆ ಓರೆಯಾಗಿ ಇಳಿದು ತೂತಿನ ಒಂದು ಬದಿ ಮುಳ್ಳಿನಂತೆ ಎದ್ದುಕೊಂಡಿತ್ತು.

ಅದನ್ನು ದಾರಕ್ಕೆ ಪೋಣಿಸಿ ಮಗಳು ಫೀಬಿಯ ಕಾಲಿಗೆ ಕಟ್ಟಿದಳು. ಫೀಬಿ ಇನ್ನೂ ಹಲ್ಲು ಬೀಳುವ ವಯಸ್ಸಿನಲ್ಲಿದ್ದಾಗ ಹಾರ್ವುಡ್‌ರು ಅವಳನ್ನು ಜಾರ್ಜಿಯಾಕ್ಕೆ ಮಾರಿದರು. ಉತ್ತರ-ದಕ್ಷಿಣದವರ ಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆಯಾದ ಮೇಲೆ ಅವಳು ನಡೆದುಕೊಂಡೇ ಈ ಊರಿಗೆ ಬಂದಳು, ಅಷ್ಟು ಹೊತ್ತಿಗೆ ಅವಳೂ ಅರೆಮುದುಕಿ. ಡಾರ್ಕಸ್ ಅಜ್ಜಿಗೆ ಕಣ್ಣು ಪೂರಾ ಹೋಗಿತ್ತು. ಮಗಳೆಂದು ಹೇಳಿಕೊಂಡು ಬಂದವಳ ಪಾದದ ಹತ್ತಿರ ಕೂತು, ಕಾಲಿನ ಕಾಸನ್ನು ತಡವಿ, "ಮುಳ್ಳಿದೆ. ನನ್ನ ಫೀಬಿನೇ" ಎಂದಳಂತೆ. ಅಲ್ಲಿಂದ ಮುಂದೆ ಫೀಬಿಯ ಮಗಳ ಕಾಲಿಗೆ, ಆ ಮಗಳ ಮಗಳಾದ ಅಮ್ಮನ ಕಾಲಿಗೆ, ನನ್ನ ಕಾಲಿಗೆ, ನಿನ್ನ ಕಾಲಿಗೆ. ಹಲ್ಲು ಬರುವಾಗ ನೀನು ಅದನ್ನು ಕಚ್ಚಿ ಕಚ್ಚಿ ಜೊಲ್ಲು ಸುರಿಸುತ್ತಿದ್ದೆ.

ಈ ವರ್ಷ ವರ್ಜೀನಿಯಾಕ್ಕೆ ಮುನ್ನೂರೈವತ್ತು ವರ್ಷವಾಯಿತೆಂದು ಊರೂರಲ್ಲೂ ಹಬ್ಬ. ನಮ್ಮ ಊರಿನ ಪ್ರದರ್ಶನಕ್ಕೆ ಹಳೆಯ ಸಾಮಾನು ಬೇಕೆಂದು ಥಾರ್ನ್‌ಬರಿ ಎಂಬ ಬಿಳಿಯ, ನಾಣ್ಯಗಳನ್ನು ಬಲ್ಲವನು, ನಮ್ಮ ಚರ್ಚಿನ ತನಕ ಬಂದ. ನಮ್ಮ ಸೆಂಟನ್ನು ಭೂತಗನ್ನಡಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. "ಬಣ್ಣ ನೋಡು, ಚೆಸ್ಟ್‌ನಟ್ ಕಾಯಿಯ ಕಂದು ಸಿಪ್ಪೆ ಇದ್ದ ಹಾಗಿದೆ. ಇಷ್ಟು ವರ್ಷ ಕಾಲಲ್ಲಿದ್ರೂ ಸರಪಳಿಯ ಕೊಂಡಿ ಒಂದೊಂದೂ ಎಣಿಸೋ ಹಾಗಿದೆ. ಈ ಸ್ಥಿತೀಲಿ ನಾನು ಇನ್ನೊಂದು ನೋಡಿಲ್ಲ. ಆ ಹಾಳು ತೂತೊಂದು ಇಲ್ದೇ ಇದ್ದಿದ್ರೆ!" ಎಂದ.

ಅಮ್ಮನನ್ನು ಕೇಳದೆ ನಾನು ಕೊಡಲಿಲ್ಲ. ಅವಳು ಆಗಲೇ ಹಾಸಿಗೆ ಹಿಡಿದಿದ್ದಳು, ಕಣ್ಣೂ ಮಸುಕಾಗಿತ್ತು. ಅವಳು ಕೇಳಿದ್ದು ಒಂದೇ. "ಡಾರ್ಕಸ್ ಹೆಸರು ಹಾಕ್ತಾರಾ?"

"ಹಾಕ್ತೀನಿ ಅಂದಿದಾರಮ್ಮ. ಯಾರ್‍ಯಾರ ಕೈಲಿತ್ತು ಅಂತ ಪೂರ್ತಿ ಬರೀತಾರಂತೆ."

"ಹಾಗಾದ್ರೆ ಕೊಡು. ಆ ಹೆಸರು ಎಲ್ಲೂ ಬರೆದಿಲ್ಲ ಕಣೆ ಜಿಪ್ಪಿ. ಸಮಾಧಿ ಕಲ್ಲೂ ಇಲ್ಲ ಅವಳಿಗೆ."

ಕರಿಯರನ್ನು ಪ್ರದರ್ಶನಕ್ಕೆ ಬಿಡುತ್ತಿದ್ದದ್ದು ಗುರುವಾರ ಮಧ್ಯಾಹ್ನ ಮಾತ್ರ. ಸಮುದ್ರದ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನ ಕೆಲಸಕ್ಕೆ ರಜೆ ಹಾಕಿ, ಕೈಯ ವಾಸನೆ ಹೋಗಲೆಂದು ನಿಂಬೆಹಣ್ಣು ತಿಕ್ಕಿಕೊಂಡು, ಭಾನುವಾರದ ಟೋಪಿ ಹಾಕಿಕೊಂಡು ಹೋದೆ. ಗಾಜಿನ ಪೆಟ್ಟಿಗೆಯಲ್ಲಿ, ಕೆಂಪು ಮಖಮಲ್ಲಿನ ಮೇಲೆ ಅದು ಮಲಗಿತ್ತು. ಚೀಟಿಯಲ್ಲಿ ಹೀಗಿತ್ತು: "ಸರಪಳಿ ಸೆಂಟು, ೧೭೯೩. ಅಪರೂಪದ ಉತ್ತಮ ಸ್ಥಿತಿ. ಮೂಲತಃ ಹಾರ್ವುಡ್ ಮನೆತನದ ಸ್ವತ್ತು, ನಂತರ ಅವರ ಸೇವಕರ ವಶದಲ್ಲಿ."

ಮತ್ತೆ ಮತ್ತೆ ಓದಿದೆ. ಆಮೇಲೆ ಕಾಸನ್ನು ನೋಡಿದೆ. ಹೆಂಗಸಿನ ತಲೆಯ ಮೇಲೆ ತೂತೇ ಇರಲಿಲ್ಲ.

ಥಾರ್ನ್‌ಬರಿ ಅಲ್ಲೇ ಇದ್ದ. "ತೂತೆಲ್ಲಿ ಸರ್?" ಎಂದೆ.

"ಗೊತ್ತೇ ಆಗಲ್ಲ, ಅಲ್ವಾ?" ಎಂದು ನಕ್ಕ. "ವಾಷಿಂಗ್ಟನ್‌ನಲ್ಲಿ ಒಬ್ಬ ಒಳ್ಳೇ ಕೆಲಸಗಾರ ಇದಾನೆ. ಅದೇ ಕಾಲದ ತಾಮ್ರ ಹಾಕಿ ತುಂಬಿಸಿ, ಅಕ್ಷರಾನೂ ಕೂರಿಸಿ ಕೊಟ್ಟ. ನಿನ್ನ ಹತ್ರ ಏನೂ ಕೇಳಲ್ಲ, ಖರ್ಚು ನನ್ನದು."

"ಚೀಟೀಲಿ ಡಾರ್ಕಸ್ ಹೆಸರು ಹಾಕ್ತೀನಿ ಅಂದಿದ್ರಿ."

ಅವನು ದನಿ ತಗ್ಗಿಸಿದ. "ನೋಡು ಜಿಪೋರಾ, ನಾಣ್ಯದ ವಂಶಾವಳಿ ಅಂದ್ರೆ ಮನೇಲಿ ಹೇಳೋ ಕಥೆ ಅಲ್ಲ. ಆಗಿನ ಕಾನೂನಲ್ಲಿ ನಿಮ್ಮಜ್ಜಿ ತನ್ನದು ಅಂತ ಏನನ್ನೂ ಇಟ್ಕೊಳ್ಳೋ ಹಾಗೇ ಇರ್ಲಿಲ್ಲ. ಅವಳ ಹತ್ರ ಇದ್ದದ್ದೆಲ್ಲ ಧಣಿಗೆ ಸೇರಿದ್ದು. ನಾನೇನು ಮಾಡ್ಲಿ ಹೇಳು?"

ಅವನು ಕೆಟ್ಟವನಲ್ಲ, ಲವೀನಿಯಾ. ಕುರ್ಚಿ ಬೇಕಾ, ನೀರು ಬೇಕಾ ಎಂದೂ ಕೇಳಿದ. ಕೆಟ್ಟವನಾಗಿದ್ದರೆ ಬೈದಾದರೂ ಬರುತ್ತಿದ್ದೆ.

ಮನೆಗೆ ಬಂದಾಗ ಅಮ್ಮ ಕಾದಿದ್ದಳು. "ಬರೆದಿದಾರಾ?"

"ಬರೆದಿದಾರಮ್ಮ. ದಪ್ಪಕ್ಷರದಲ್ಲಿ."

"ಫೀಬಿದೂ?"

"ಅವಳದೂ."

ಆ ರಾತ್ರಿ ಅವಳು ಎಷ್ಟೋ ದಿನದ ಮೇಲೆ ಬಟ್ಟಲು ಖಾಲಿಯಾಗುವಷ್ಟು ಗಂಜಿ ಕುಡಿದಳು.

ಅಕ್ಟೋಬರ್ ಕೊನೆಗೆ ಅವಳು ತೀರಾ ಇಳಿದುಹೋದಳು. ಕಾಸನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು ಎಂದಳು. ಥಾರ್ನ್‌ಬರಿಯ ಕೈಕಾಲು ಹಿಡಿದು ತಂದೆ. ಎಷ್ಟು ಬೇಕಾದರೂ ಕೊಡುತ್ತೇನೆ, ಮಾರು ಎಂದ. ಆಗುವುದಿಲ್ಲ ಎಂದೆ. ಅಮ್ಮನ ಅಂಗೈಯಲ್ಲಿಟ್ಟೆ. ಅವಳ ಹೆಬ್ಬೆರಳು ಅಂಚನ್ನು ಸುತ್ತಿತು. ಮತ್ತೊಮ್ಮೆ ಸುತ್ತಿತು. ಮಗುಚಿ ಹಾಕಿ ಇನ್ನೊಂದು ಮಗ್ಗುಲಲ್ಲಿ ಹುಡುಕಿತು.

"ಯಾರದ್ದೇ ಇದು?"

"ನಮ್ಮದೇ ಅಮ್ಮ."

"ನಂಗೆ ಕಣ್ಣು ಹೋಗಿದೆ, ಬೆರಳು ಹೋಗಿಲ್ಲ."

ಅದನ್ನು ರಜಾಯಿಯ ಮೇಲೆ ಎಸೆದು ಗೋಡೆಯ ಕಡೆ ಹೊರಳಿದಳು. ಅವಳು ಹೋದದ್ದು ಅದೇ ಮಗ್ಗುಲಲ್ಲಿ. ಡಾರ್ಕಸ್ ಅಜ್ಜಿಯ ಕಾಸನ್ನು ಹೆತ್ತ ಮಗಳೇ ಮಾರಿ, ಬೇರೊಂದನ್ನು ತಂದು ತನ್ನನ್ನು ಯಾಮಾರಿಸಲು ನೋಡಿದಳು ಎಂದೇ ನಂಬಿ ಹೋದಳು.

ನೀನು ಹೊರಟ ಮಾರನೆಯ ದಿನ ಸಿಂಪಿ ಬಿಡಿಸುವ ಚಾಕು ತಗೊಂಡು ಕೂತೆ. ತುಂಬಿಸಿದ್ದನ್ನು ಕಿತ್ತರೆ ಒಳಗೆ ಹಳೆಯ ತೂತು ಇದ್ದೇ ಇರುತ್ತದಲ್ಲ ಎಂಬ ಆಸೆ. ಎಷ್ಟು ಮೀಟಿದರೂ ಕದಲಲಿಲ್ಲ. ಕೊನೆಗೆ ಚಾಕು ಜಾರಿ ಆ ಹೆಂಗಸಿನ ಕೆನ್ನೆಯ ಮೇಲೆ ಉದ್ದಕ್ಕೆ ಗೀರಿಹೋಯಿತು. ಈಗ ಅದು ಅವರ ಗಾಜಿನ ಪೆಟ್ಟಿಗೆಗೂ ಆಗದು, ನಿನ್ನ ಮಗುವಿನ ಕಾಲಿಗೂ ಆಗದು. ನಾನೇ ಹೊಸದಾಗಿ ತೂತು ಕೊರೆಯಬಹುದು. ಆದರೆ ಅದು ನಾನು ಕೊರೆದ ತೂತಾಗುತ್ತದೆ, ಅಷ್ಟೆ. ಅದನ್ನು ಕಟ್ಟಿ ಮಗುವಿಗೆ ಏನೆಂದು ಹೇಳುವೆ?

ಕ್ಷಮಿಸು ಎಂದು ಕೇಳುತ್ತಿಲ್ಲ. ಹೆರಿಗೆಯಾದ ಮೇಲೆ ಗಂಡೋ ಹೆಣ್ಣೋ ಎಂದು ಒಂದು ಸಾಲು ಬರೆಸಿ ಹಾಕು. ಉಳಿದದ್ದು ನಿನ್ನಿಷ್ಟ.

ನಿನ್ನ ಅಕ್ಕ,
ಜಿಪೋರಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಚಿಕ್ಕಮ್ಮ ಸುಳ್ಳು ಹೇಳಿಲ್ಲ. ಗೋಡೆ ಕಡೆ ತಿರುಗಿದ ಮೇಲೆ ಅಮ್ಮ ಕೇಳಿದಳು, "ಮಾರಿದ್ಯಾ ಜಿಪ್ಪಿ?" ತೂತನ್ನು ಮುಚ್ಚಿಬಿಟ್ಟಿದ್ದಾರೆ ಎನ್ನಲು ಬಾಯಿ ತೆರೆದೆ. ಹಾಗೆಂದರೆ ಡಾರ್ಕಸ್ ಅಜ್ಜಿಯ ಕಾಸು ಇನ್ನು ಎಲ್ಲೂ ಇಲ್ಲ ಎಂದು ಹೇಳಿದಂತಾಗುತ್ತಿತ್ತು. "ಹೂಂ, ಮಾರಿದೆ" ಎಂದೆ. "ಹಾಗಾದ್ರೆ ಎಲ್ಲೋ ಒಂದ್ಕಡೆ ಇದೆ" ಎಂದಳು. ಅವಳ ಉಸಿರು ಹಗುರಾಯಿತು. ಆಮೇಲೆ ನನ್ನ ಕೈಯಿಂದ ನೀರು ಕುಡಿಯಲಿಲ್ಲ.