ನಿಮ್ಮ ಕಲ್ಯಾಣದ ಮೀಟಿಂಗುಗಳು

ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರ.

ನೀವಿದ್ದಾಗ ಎದುರು ನಿಂತು ಕೇಳಲಾರದ್ದನ್ನು ಈಗ ಕೇಳಲು ಕೂತಿದ್ದೇನೆ. ನನ್ನದು ಅನುಮಾನದ ಜೀವ ಎಂದು ನಿಮಗೆ ಗೊತ್ತಲ್ಲ. "ಇವಳ ಮುಂದೆ ದೇವರು ಪ್ರತ್ಯಕ್ಷ ಆದ್ರೂ ಮೊದಲು ರೇಷನ್ ಕಾರ್ಡು ಕೇಳ್ತಾಳೆ" ಎಂದು ಮಾವನೆದುರು ನನ್ನನ್ನು ಛೇಡಿಸುತ್ತಿದ್ದಿರಿ. ಮಾವ ಥಾಣೆ ಪೇಟೆಯ ಹೋಟೆಲಿನ ಗಲ್ಲಾದಲ್ಲಿ ದಿನವಿಡೀ ಕೂತು ಬಂದವರು, ನಗಲು ಒಂದು ನೆಪ ಬೇಕಿತ್ತು, ನಗುತ್ತಿದ್ದರು. ನನಗೆ ಮಾತ್ರ ಆಗ ನಗು ಬರುತ್ತಿರಲಿಲ್ಲ.

ಆ ವರ್ಷದ ಸಂಕ್ರಾಂತಿ ನೆನಪಿದೆಯೇ? ನಮ್ಮ ಬಿಲ್ಡಿಂಗಿನ ಪಕ್ಕದ ಮೈದಾನದಲ್ಲಿ ಪಕ್ಷದವರ ಅರಸಿನ ಕುಂಕುಮ. ವಾರ್ಡಿನ ಮಹಿಳಾ ಅಧ್ಯಕ್ಷೆಯನ್ನು ಡೊಂಬಿವಲಿಯ ನಾವೆಲ್ಲ ಮರಾಠಿಯವರಂತೆ ವಹಿನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆವು. ಎಳ್ಳುಂಡೆ, ಸ್ಟೀಲಿನ ಡಬ್ಬಿ ಹಂಚಿದ ಮೇಲೆ ಆಕೆ ಮೈಕು ಹಿಡಿದು, ನಮ್ಮ ಜನ ಕಡಿಮೆಯಾಗುತ್ತಿದ್ದಾರೆ, ಯಾವ ಕಾರಣಕ್ಕೂ ನಮ್ಮ ಮನೆಯಲ್ಲಿ ಗರ್ಭ ತೆಗೆಸುವುದಿಲ್ಲವೆಂದು ಕೈ ಎತ್ತಿ ಶಪಥ ಮಾಡಿ ಎಂದರು. ಮೊದಲು ಎದ್ದದ್ದು ನಿಮ್ಮ ಕೈ. ಮರಾಠಿ ತಿಳಿಯದ ನಮ್ಮ ಊರಿನ ಹೆಂಗಸರಿಗೆ ಶಪಥವನ್ನು ಕನ್ನಡದಲ್ಲಿ ಹೇಳಿಕೊಟ್ಟದ್ದೂ ನೀವೇ. ನಾನೂ ಕೈ ಎತ್ತಿದೆ, ಎಲ್ಲರೂ ಎತ್ತಿದ್ದರಲ್ಲ ಎಂದು.

ಅದೇ ವರ್ಷ ಚುನಾವಣೆಯ ಹೊತ್ತಿಗೆ ನನಗೆ ದಿನ ತಪ್ಪಿತು. ಮಗಳಿಗೆ ಇನ್ನೂ ಹತ್ತು ತಿಂಗಳು, ನಾನು ಶಾಲೆಯ ಕೆಲಸಕ್ಕೆ ಮರಳಿ ಮೂರು ವಾರ. ಐರೋಲಿಯ ಆಫೀಸಿನಿಂದ ಬರುವ ನಿಮ್ಮ ಮಗನಿಗೂ ಹೇಳಿರಲಿಲ್ಲ. ನಾನು ಕಾಫಿಯ ಲೋಟ ಮುಟ್ಟದೆ ಇಟ್ಟದ್ದನ್ನು ನೋಡಿಯೇ ನೀವು ಹಿಡಿದಿರಿ.

"ಎಷ್ಟು ದಿವಸ ಆಯ್ತು?"

ಹೇಳಿದೆ.

"ಬೇಕಾ, ಬೇಡ್ವಾ? ಅದೊಂದು ಹೇಳು. ಬೇರೆ ಎಂತದ್ದೂ ಹೇಳ್ಬೇಡ."

ಬೇಡ ಎಂದೆ. ಕಲ್ಯಾಣ ಪೇಟೆಯ ಡಾಕ್ಟರಮ್ಮನ ಎದುರು ಫಾರಂ ತುಂಬಿಸುವಾಗ ನಾನು ಗಂಡನ ಸಹಿ ಎಲ್ಲಿಂದ ತರುವುದೆಂದು ಬೆವರುತ್ತಿದ್ದೆ. ನೀವು ತಣ್ಣಗೆ, "ಗಂಡಂದು ಬೇಡ. ಪ್ರಾಯಕ್ಕೆ ಬಂದವಳಿಗೆ ಅವಳ ಸಹಿಯೇ ಸಾಕು, ಕಾನೂನು ಉಂಟು" ಎಂದಿರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಿಮಗೆ ಆ ಕಾನೂನು ಹೇಗೆ ಗೊತ್ತು? ನನ್ನ ಹೊಟ್ಟೆಯಲ್ಲಿ ಅನುಮಾನ ಕೂತದ್ದು ಆಗಲೇ. ಮೊದಲನೆಯದು ಹೆಣ್ಣು, ಎರಡನೆಯದೂ ಹೆಣ್ಣಾದರೆ ಎಂದು ಇವರು ಇಷ್ಟು ಸುಲಭವಾಗಿ ಒಪ್ಪಿದರೇ? ಏಳು ವಾರಕ್ಕೆ ಗಂಡೋ ಹೆಣ್ಣೋ ಯಾರಿಗೂ ತಿಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅಂದು ಸಂಜೆ ನನಗೆ ಗಂಜಿ ಬಡಿಸಿಟ್ಟು ನೀವು ವೋಟರ್ ಚೀಟಿಗಳ ಕಟ್ಟು ಹಿಡಿದು ಮನೆ ಮನೆ ಹತ್ತಲು ಹೊರಟಿರಿ. ಅದೇ ಪಕ್ಷಕ್ಕೆ! ನನಗೆ ಮೈಯೆಲ್ಲ ಉರಿಯಿತು. "ಅಲ್ಲ ಅತ್ತೆ, ನೀವು ಕೈ ಎತ್ತಿದ್ರಲ್ಲ?" ಎಂದೆ. ನೀವು ಚಪ್ಪಲಿ ಹಾಕುತ್ತಲೇ, "ಟ್ಯಾಂಕರಿನ ಹಿಂದೆ ಕೊಡ ಹಿಡ್ಕೊಂಡು ಓಡಿದವಳು ನಾನು. ಪೈಪು ಹಾಕಿಸಿದ್ದು ಅವರು. ಓಟು ಅದಕ್ಕೆ. ಹೊಟ್ಟೆಯ ವಿಚಾರ ಅವರತ್ರ ಕೇಳ್ಲಿಕ್ಕೆ ಹೋಗಿದ್ದೇನಾ ನಾನು?" ಎಂದಿರಿ. ಇಷ್ಟು ಸಲೀಸಾಗಿ ಎರಡು ನಾಲಿಗೆ ಇರುವವರು ನನ್ನ ವಿಷಯದಲ್ಲಿ ಮಾತ್ರ ಒಂದೇ ನಾಲಿಗೆಯವರೇ ಎಂದು ಲೆಕ್ಕ ಹಾಕಿದೆ.

ನಾಲ್ಕೈದು ವರ್ಷಗಳ ಮೇಲೆ ಕಲ್ಯಾಣ ಸ್ಟೇಷನ್ನಿನ ಸೇತುವೆಯಲ್ಲಿ ನಿಮ್ಮನ್ನು ಕಂಡೆ. ಎರಡನೇ ಮಾಳಿಗೆಯ ಶೈಲಜಾ ನಿಮ್ಮ ತೋಳು ಹಿಡಿದು ನಿಧಾನಕ್ಕೆ ಇಳಿಯುತ್ತಿದ್ದಳು. ಮನೆಗೆ ಬಂದು ಕೇಳಿದರೆ, "ಪಕ್ಷದ ಮೀಟಿಂಗ್ ಇತ್ತು" ಎಂದಿರಿ. ವಹಿನಿ ಆ ವಾರ ಊರಲ್ಲೇ ಇರಲಿಲ್ಲ. ಶೈಲಜಾಗೆ ಇಬ್ಬರು ಹೆಣ್ಣುಮಕ್ಕಳು. ಅದಾದ ಮೇಲೆ ಹಿಂದಿನ ಬಿಲ್ಡಿಂಗಿನ ಇನ್ನೊಬ್ಬಳೊಂದಿಗೆ ಮತ್ತೊಂದು ಮೀಟಿಂಗ್. ಸ್ಕ್ಯಾನಿನಲ್ಲಿ ಹೆಣ್ಣೆಂದು ಗೊತ್ತಾದವರನ್ನು ಸಾಗಿಸುವುದೇ ನಿಮ್ಮ ಕೆಲಸ ಎಂದು ನಾನು ತೀರ್ಮಾನ ಮಾಡಿದೆ. ನಿಮ್ಮನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಮುಂದಿನ ಸಂಕ್ರಾಂತಿಗೆ ನಿಮಗೆ ಕರೆ ಬರಲಿಲ್ಲ. ಇಸ್ತ್ರಿ ಮಾಡಿದ ಸೀರೆಯುಟ್ಟು ಕಿಟಕಿಯ ಹತ್ತಿರ ಕೂತಿದ್ದಿರಿ. ಮೈಕಿನ ಸದ್ದು ಒಳಗೆ ಕೇಳುತ್ತಿತ್ತು. ಚುನಾವಣೆ ಬಂದಾಗ ಚೀಟಿಯ ಕಟ್ಟು ಬೇರೆ ಮನೆಗೆ ಹೋಯಿತು. "ನಾನು ಎಂತ ತಪ್ಪು ಮಾಡಿದೆ ಅಂತ ನಿನಗೇನಾದ್ರೂ ಗೊತ್ತುಂಟಾ?" ಎಂದು ನನ್ನನ್ನೇ ಕೇಳಿದಿರಿ. ಇಲ್ಲ ಎಂದೆ. ಕಲ್ಯಾಣದ ವಿಷಯ ಶೈಲಜಾಳೇ ಬಾಯಿ ಬಿಟ್ಟಿದ್ದಾಳೆಂದುಕೊಂಡು ನೀವು ಅವಳ ಹತ್ತಿರ ಮಾತು ಬಿಟ್ಟಿರಿ. ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಿರಿ. ಆದರೂ ಓಟು ಅದೇ ಪಕ್ಷಕ್ಕೆ ಹಾಕಿ ಬಂದು, "ಪೈಪು ಹಾಗೇ ಉಂಟಲ್ಲ" ಎಂದಿರಿ. ಎರಡು ವರ್ಷ ಹಾಗೇ ಇದ್ದು, ಹಾಗೇ ಹೋದಿರಿ.

ನಿಮ್ಮ ಹದಿಮೂರನೇ ದಿನದ ಊಟ ಮುಗಿದ ಮೇಲೆ, ನಿಮ್ಮನ್ನು ಅಮ್ಮ ಎನ್ನುತ್ತಿದ್ದ ಶೈಲಜಾ ಅಡುಗೆಮನೆಗೆ ಬಂದಳು. ಪಾತ್ರೆ ಒರೆಸುತ್ತಾ ಇದ್ದಕ್ಕಿದ್ದಂತೆ ಅಳತೊಡಗಿದಳು.

"ಮೂರನೆಯದು ನಂಗೆ ಬೇಡವೇ ಬೇಡ ಇತ್ತು ಅಕ್ಕ. ಇವರು ಕೇಳೋರಲ್ಲ. ಅಮ್ಮ ಚೀಟಿ ಕೊಡ್ಲಿಕ್ಕೆ ಬಂದಾಗ ಹೇಳಿದೆ. ಪಕ್ಷದ ಕೆಲಸ ಅಂದ್ರೆ ಯಾವ ಗಂಡಸೂ ಎಲ್ಲಿಗೆ ಅಂತ ಕೇಳೂದಿಲ್ಲ, ಬಾ ಅಂದ್ರು. ಮೊದಲೇ ಒಂದು ಮಾತು ಹೇಳಿದ್ರು. ಹೆಣ್ಣು ಅಂತ ತೆಗೆಸೂದಾದ್ರೆ ನನ್ನನ್ನು ಕರೀಬೇಡ ಅಂತ."

ಹಿಂದಿನ ಬಿಲ್ಡಿಂಗಿನವಳ ವಿಷಯ ಕೇಳಿದೆ. ಅವಳು ಸ್ಕ್ಯಾನ್ ಮಾಡಿಸಿಕೊಂಡು ಬಂದದ್ದು ರೈಲಿನಲ್ಲಿ ಗೊತ್ತಾಗಿ, ನೀವು ಕಲ್ಯಾಣದ ಪ್ಲಾಟ್‌ಫಾರ್ಮಿನಿಂದಲೇ ಅವಳನ್ನು ತಿರುಗಿಸಿ ಕರೆತಂದಿರಂತೆ. ಆ ಮಗು ಈಗ ನಮ್ಮದೇ ಶಾಲೆಯ ಬಾಲವಾಡಿಯಲ್ಲಿದೆ. ನಾನು ಅದರ ಮೂಗು ಒರೆಸಿದ್ದೇನೆ ಅತ್ತೆ, ಯಾರೆಂದು ಗೊತ್ತಿಲ್ಲದೆ...

"ನನ್ನ ಮೇಲೆ ಅಮ್ಮನಿಗೆ ಯಾಕೆ ಸಿಟ್ಟು ಬಂತು ಅಕ್ಕ?" ಎಂದು ಶೈಲಜಾ ಕೇಳಿದಳು.

ಈಗ ಸಭೆಗಳಲ್ಲಿ ಎದ್ದ ಕೈಗಳನ್ನು ನೋಡುವಾಗ, ಇವುಗಳಲ್ಲಿ ನಿಮ್ಮಂಥವರ ಕೈಗಳೆಷ್ಟು ಎಂದು ಎಣಿಸುತ್ತೇನೆ. ಪೈಪಿಗೆ ಓಟು ಹಾಕಿ ಹೊಟ್ಟೆಯ ಮಾತು ಹೊಟ್ಟೆಯಲ್ಲೇ ಇಟ್ಟುಕೊಂಡವರು ಎಷ್ಟು ಮಂದಿ? ವಹಿನಿಯೇ ಅವರಲ್ಲಿ ಒಬ್ಬರೋ ಏನೋ. ನೋಡಿ, ನನ್ನ ಬುದ್ಧಿ ಮತ್ತೆ ಎಲ್ಲಿಗೆ ಹೋಯಿತು.

ಇನ್ನು ಎಳೆಯುವುದಿಲ್ಲ. ವಹಿನಿಗೆ ಹೇಳಿದ್ದು ಶೈಲಜಾ ಅಲ್ಲ ಅತ್ತೆ, ನಾನು. ಆಮಂತ್ರಣ ಕೊಡಲು ಬಂದವರನ್ನು ಕೆಳಗೆ ಮೀಟರು ಪೆಟ್ಟಿಗೆಗಳ ಹತ್ತಿರ ನಿಲ್ಲಿಸಿ, ನಮ್ಮ ಅತ್ತೆ ಹೆಂಗಸರನ್ನು ಕಲ್ಯಾಣಕ್ಕೆ ಕರೆದೊಯ್ದು ಹೆಣ್ಣುಗರ್ಭ ತೆಗೆಸುತ್ತಾರೆ ಎಂದೆ. ನಿಮ್ಮ ಜೊತೆ ಮೊದಲು ಹೋದವಳು ನಾನೇ ಇರಬಹುದೆಂದು ಹೇಳಲಿಲ್ಲ. ಮಾರನೆಯ ದಿನ ಶಾಲೆಗೆ ತಡವಾಗಬಾರದೆಂದು ಆ ಸಂಜೆ ನೀವು ನನ್ನ ಸೀರೆಗೂ ಇಸ್ತ್ರಿ ಮಾಡಿಟ್ಟಿದ್ದಿರಿ. ನಾನು ಅದನ್ನೇ ಉಟ್ಟು ಹೋದೆ.

ನಿನ್ನೆ ಶೈಲಜಾಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. "ಅಮ್ಮ ಸಾಯುವವರೆಗೆ ಯಾಕೆ ಕಾದ್ರಿ?" ಎಂದು ಕೇಳಿ ಬಾಗಿಲು ಹಾಕಿಕೊಂಡಳು. ನಾಳೆ ವಹಿನಿಯ ಮನೆಗೆ ಹೋಗುತ್ತೇನೆ. ನಾನು ಹೇಳಿದ್ದು ಸುಳ್ಳು ಎನ್ನುತ್ತೇನೆ. ಕಲ್ಯಾಣಕ್ಕೆ ಹೋದವರಲ್ಲಿ ಬೇರೆ ಯಾರ ಹೆಸರೂ ಎತ್ತುವುದಿಲ್ಲ, ನನ್ನದೊಂದೇ ಹೇಳುತ್ತೇನೆ.

ನಿಮ್ಮ ಸೊಸೆ