ಟೊಂಕದ ಗುಳಗಿ

ನೀಲವ್ವನ ಅಪ್ಪಾರಿಗೆ,

ಎಂಟರ ಬಸ್ಸಿಗೆ ಹುಬ್ಬಳ್ಳಿಗೆ ಹೊಂಟೀನ್ರಿ. ರೊಟ್ಟಿ ಬುಟ್ಟ್ಯಾಗ ಅದಾವು, ಪಲ್ಯ ಬಿಸಿ ಮಾಡ್ಕೋರಿ.

ನನ್ನ ಟೊಂಕದ ಗುಳಗಿ ತಿಪ್ಪ್ಯಾಗ ಸಿಕ್ಕವು. ಅವು ಹುಚ್ಚರಿಗೆ ಕೊಡೂ ಗುಳಗಿ ಅಂತ ಕಂಪೌಂಡರ ಅಂದಿದ್ದಕ್ಕ ನೀವ ಒಗದೀರಿ. ಹೌದು, ಅವರಿಗೂ ಕೊಡತಾರಂತ. "ಚಕ್ಕಡಿಯಿಂದ ಬಿದ್ದ ಪೆಟ್ಟು ಯಾವಾಗೋ ಮಾಯ್ದೈತಿ, ಆದ್ರ ನರಗೋಳು ಆ ನೋವು ಬಾಯಿಪಾಠ ಮಾಡ್ಯಾವು. ಈ ಗುಳಗಿ ಅದನ್ನ ಸಾವಕಾಶ ಮರಸ್ತಾವು" ಅಂದ್ರು ಡಾಕ್ಟರು. ಮತ್ತ ಅವನ್ನ ತರತೀನಿ. ಈ ಸಲ ಒಗೀಬ್ಯಾಡ್ರಿ.

ಕರಿ ಎತ್ತಿನ ಹೆಗಲಿಗೆ ಹಾಕೂ ಗೋಣಿತಟ್ಟು ತೊಳದು ಬೇಲಿ ಮ್ಯಾಲ ಒಣಹಾಕೀನಿ. ನೊಗ ಇಡೂಮುಂದ ಮರೀಬ್ಯಾಡ್ರಿ. ಅದರ ಗಾಯ ಮಾಯ್ದು ಎರಡು ವರ್ಷಾತು, ಇನ್ನೂ ಕೈ ಇಟ್ಟರ ನಡಗತೈತಿ. ಅದಕ್ಕ ಹುಚ್ಚು ಹಿಡದೈತಿ ಅಂತ ನೀವು ಒಂದಿನಾನೂ ಅಂದಿಲ್ಲ.

— ರೇವವ್ವ